ಕೈಗೆಟುಕುವ ಬೆಲೆಯ ರೆಡ್ ಡಾಟ್ ಗುರಿದರ್ಶಕ: ಆಯ್ಕೆಗೆ ಮುನ್ನ ತಿಳಿಯಬೇಕಾದುದು

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೂ ಬೆಲೆಯ ಚೀಟಿಯ ಮುಂದೆ ನಿಂತಾಗ ಅದನ್ನು ಮರೆಯುವುದು ಗ್ರಾಹಕನ ಸ್ವಭಾವ. ವರ್ತಕನೂ ಮೊದಲು ಗ್ರಾಹಕನೇ ಆದುದರಿಂದ ಅವನೂ ಇದಕ್ಕೆ ಹೊರತಲ್ಲ. ಒಂದು ಸರಕು ಏಕೆ ಅಗ್ಗವಾಗಿದೆ, ಅದರಲ್ಲಿ ಯಾವುದನ್ನು ಬಿಟ್ಟುಕೊಟ್ಟು ಬೆಲೆಯನ್ನು ಇಳಿಸಲಾಗಿದೆ ಎಂಬ ಪ್ರಶ್ನೆಯನ್ನು ಕೇಳದೆ ಕೊಂಡರೆ ಆಗುವ ನಷ್ಟಕ್ಕೆ ರೈಫಲ್‌ಗೆ ಅಳವಡಿಸುವ ರೆಡ್ ಡಾಟ್ ಗುರಿದರ್ಶಕ ಒಂದು ಒಳ್ಳೆಯ ಉದಾಹರಣೆ. ಇದರ ದೊಡ್ಡ ಮಾರುಕಟ್ಟೆ ಇರುವುದು ಅಮೆರಿಕದಲ್ಲಿ. ಆದರೆ ಇದರಿಂದ ಕಲಿಯಬೇಕಾದ ಪಾಠ ನಮ್ಮ ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಸಮಾನವಾಗಿ ಅನ್ವಯಿಸುತ್ತದೆ.

ಎರಡು ವರ್ಷಗಳ ಹಿಂದೆ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ನೆಲೆಸಿ ಅಲ್ಲಿನ ಪೌರತ್ವ ಪಡೆದಿರುವ ನನ್ನ ಭಾವಮೈದುನನ ಮನೆಯಲ್ಲಿ ಕೆಲವು ವಾರ ಇರುವ ಅವಕಾಶ ಒದಗಿತ್ತು. ಭಾನುವಾರಗಳಂದು ಆತ ಊರ ಹೊರಗಿನ ಗುರಿಯಭ್ಯಾಸದ ಮೈದಾನಕ್ಕೆ ಹೋಗುವನು. ಪ್ರವಾಸಿ ವೀಸಾದವರಿಗೆ ಅಲ್ಲಿನ ಕಾನೂನು ವಿಧಿಸಿರುವ ನಿರ್ಬಂಧಗಳ ಕಾರಣ ನಾನು ಬಂದೂಕನ್ನು ಮುಟ್ಟದೆ ಹಿಂದಿನ ಬೆಂಚಿನಲ್ಲಿ ಕುಳಿತು ನೋಡುತ್ತಿದ್ದೆ. ಆತನ ರೈಫಲ್‌ನ ಮೇಲೆ ಅಂಚೆಯ ಮೂಲಕ 40 ಡಾಲರಿಗೆ ತರಿಸಿದ ಗುರಿದರ್ಶಕವಿತ್ತು. ಮೊದಲ ಇಪ್ಪತ್ತು ಗುಂಡುಗಳು ಅಂಗೈಯಗಲದ ಜಾಗದಲ್ಲಿ ಬಿದ್ದವು. ಅರವತ್ತು ಗುಂಡು ಮುಗಿಯುವಷ್ಟರಲ್ಲಿ ಗುರುತುಗಳು ಒಂದು ಗೇಣು ಎಡಕ್ಕೆ ಸರಿದಿದ್ದವು.

"ಭಾವ, ಇವತ್ತು ನನ್ನ ಕೈಯೇ ಸರಿಯಿಲ್ಲ" ಎಂದನಾತ. ಮುಂದಿನ ವಾರ ತಿರುಪು ತಿರುಗಿಸಿ ಸರಿಪಡಿಸಿದ. ಮತ್ತೆ ಅದೇ ಕಥೆ. ಆಗ ರೈಫಲ್ ಮೇಲೆ ಅನುಮಾನ ಬಂತು. ಮೂರು ಭಾನುವಾರಗಳಲ್ಲಿ ಆತ ಸುಮಾರು 240 ಗುಂಡುಗಳನ್ನು ವ್ಯಯಿಸಿದ್ದ. ಒಂದಕ್ಕೆ ಅರ್ಧ ಡಾಲರಿನಂತೆ ಲೆಕ್ಕ ಹಾಕಿದರೂ 120 ಡಾಲರ್! ಗುರಿದರ್ಶಕದ ಬೆಲೆಯನ್ನು ಕೂಡಿಸಿದರೆ 160 ಡಾಲರ್ ಆಯಿತು. ಕೊನೆಗೆ ಮನೆಗೆ ಬಂದು ಆ ಸಾಧನವನ್ನು ಕಳಚಿ ನನ್ನ ಕೈಗೆ ಕೊಟ್ಟ. ಪೀಣ್ಯದಲ್ಲಿ ಬಹುಕಾಲ ಯಂತ್ರಭಾಗಗಳನ್ನು ಕಡೆದವನಿಗೆ ದೋಷ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗಾಜಿಗೆ ಏನೂ ಆಗಿರಲಿಲ್ಲ, ದೀಪವೂ ಚೆನ್ನಾಗಿಯೇ ಉರಿಯುತ್ತಿತ್ತು. ರೈಫಲ್‌ನ ರೈಲನ್ನು ಹಿಡಿದುಕೊಳ್ಳಬೇಕಾದ ಕ್ಲ್ಯಾಂಪಿನ ಅಡ್ಡಪಟ್ಟಿ ಮಾತ್ರ ತನ್ನ ಗಾಡಿಯಲ್ಲಿ ಸಡಿಲವಾಗಿ ಆಡುತ್ತಿತ್ತು.

ಸಾಧನದ ಸ್ವರೂಪ

ಹಳೆಯ ಪದ್ಧತಿಯಲ್ಲಿ ಬಂದೂಕಿಗೆ ಹಿಂದೊಂದು ಮುಂದೊಂದು ಲೋಹದ ಗುರಿಮೊನೆಗಳಿರುತ್ತವೆ. ಹಿಂದಿನ ಕಚ್ಚು, ಮುಂದಿನ ಮೊನೆ ಹಾಗೂ ಗುರಿ ಈ ಮೂರನ್ನೂ ಒಂದೇ ಸಾಲಿಗೆ ತರಬೇಕು. ಕಣ್ಣು ಏಕಕಾಲಕ್ಕೆ ಮೂರು ದೂರಗಳಲ್ಲಿರುವ ವಸ್ತುಗಳನ್ನು ಸ್ಪಷ್ಟವಾಗಿ ಕಾಣಲಾರದು. ನಲವತ್ತು ದಾಟಿದವರಿಗಂತೂ ಇದು ಇನ್ನೂ ಕಷ್ಟ.

ರೆಡ್ ಡಾಟ್ ಗುರಿದರ್ಶಕವು ಈ ತೊಡಕನ್ನು ನಿವಾರಿಸುತ್ತದೆ. ಅದರೊಳಗೆ ಒಂದು ಸಣ್ಣ ಎಲ್‌ಇಡಿ ದೀಪ, ಅದರೆದುರು ನಿಮ್ನಾಕಾರದ ಗಾಜು ಇರುತ್ತವೆ. ಗಾಜಿನ ಸಂಗಮ ಬಿಂದುವಿನಲ್ಲಿ ದೀಪವನ್ನು ಇಟ್ಟಿರುವುದರಿಂದ ಪ್ರತಿಫಲಿತ ಕಿರಣಗಳು ಪರಸ್ಪರ ಸಮಾನಾಂತರವಾಗಿ ಕಣ್ಣನ್ನು ತಲುಪುತ್ತವೆ. ಪರಿಣಾಮವಾಗಿ ಕೆಂಪು ಚುಕ್ಕೆಯು ಗಾಜಿನ ಮೇಲೆ ಅಂಟಿದಂತೆ ಕಾಣದೆ ದೂರದ ಗುರಿಯ ಮೇಲೆಯೇ ತೇಲುತ್ತಿರುವಂತೆ ಕಾಣುತ್ತದೆ. ಗಾಜಿನ ಲೇಪನವು ಕೆಂಪು ಬೆಳಕನ್ನು ಮಾತ್ರ ಹಿಂದಿರುಗಿಸಿ ಉಳಿದ ಬೆಳಕನ್ನು ಒಳಬಿಡುತ್ತದೆ. ಇಂತಹ ಗಾಜಿನ ಮೂಲಕ ನೋಡಿದಾಗ ದೃಶ್ಯವು ತುಸು ನೀಲಿಯಾಗಿ ಕಾಣುವುದು ಈ ಕಾರಣದಿಂದಲೇ. ಛಾಯೆ ಅತಿಯಾಗಿದ್ದರೆ ಲೇಪನ ಅಗ್ಗದ್ದೆಂದು ಊಹಿಸಬಹುದು. ಇದು ದೂರದರ್ಶಕವಲ್ಲ, ಗುರಿಯನ್ನು ಹಿಗ್ಗಿಸಿ ತೋರಿಸುವುದಿಲ್ಲ ಎಂಬುದನ್ನು ಮೊದಲ ಬಾರಿಗೆ ಕೊಳ್ಳುವವರು ನೆನಪಿಡಬೇಕು.

ಪ್ರತಿಫಲನ ತತ್ತ್ವದ ಗುರಿದರ್ಶಕವನ್ನು ರೂಪಿಸಿದವರು ಐರ್ಲೆಂಡಿನ ಡಬ್ಲಿನ್ ನಗರದ ದೃಗುಪಕರಣ ತಯಾರಕ ಹೊವಾರ್ಡ್ ಗ್ರಬ್, ಕಾಲ 1900. ಎಲ್‌ಇಡಿ ದೀಪ ಬಳಕೆಗೆ ಬಂದ ಮೇಲೆ ಅದು ರೈಫಲ್‌ಗೆ ಇನ್ನಷ್ಟು ಚೆನ್ನಾಗಿ ಒಗ್ಗಿತು. ಸ್ವೀಡನ್ನಿನ ಏಮ್‌ಪಾಯಿಂಟ್ ಸಂಸ್ಥೆಯು 1975ರಲ್ಲಿ ತನ್ನ ಮೊದಲ ಎಲೆಕ್ಟ್ರಾನಿಕ್ ಗುರಿದರ್ಶಕವನ್ನು ಮಾರುಕಟ್ಟೆಗೆ ತಂದಿತು. 1997ರಲ್ಲಿ ಅಮೆರಿಕದ ಭೂಸೇನೆಯು ಇದೇ ಸಂಸ್ಥೆಯ ಸಾಧನವನ್ನು ಎಂ68 ಎಂಬ ಹೆಸರಿನಲ್ಲಿ ಸ್ವೀಕರಿಸಿದ ನಂತರ ಅದರ ಕೀರ್ತಿ ಸಾಮಾನ್ಯ ಬಳಕೆದಾರರಿಗೂ ತಲುಪಿತು.

ಬೆಲೆ ಇಳಿದ ಬಗೆ

ಅಮೆರಿಕದಲ್ಲಿ ಕೆಲವು ಬಗೆಯ ರೈಫಲ್‌ಗಳ ಮಾರಾಟದ ಮೇಲಿದ್ದ ಹತ್ತು ವರ್ಷಗಳ ನಿಷೇಧವು 2004ರ ಸೆಪ್ಟೆಂಬರಿನಲ್ಲಿ ಅಂತ್ಯಗೊಂಡಿತು. ಆ ಬಳಿಕ ಎಆರ್-15 ಮಾದರಿಯ ರೈಫಲ್‌ಗಳ ಮಾರುಕಟ್ಟೆ ಬೆಳೆಯಿತು. ಜೊತೆಗೆ ಅವುಗಳ ಬಿಡಿಭಾಗಗಳ ವ್ಯಾಪಾರವೂ ಬೆಳೆಯಿತು. ಬೇಡಿಕೆ ಕಂಡ ಕಡೆ ಪೂರೈಕೆ ಬರುವುದು ಸಹಜ. ಎಲ್‌ಇಡಿ ದೀಪ, ಗಾಜಿನ ಲೇಪನ, ಅಲ್ಯೂಮಿನಿಯಂ ಕಡೆತ ಈ ಮೂರರಲ್ಲಿಯೂ ಪಳಗಿದ್ದ ಚೀನಾದ ಕಾರ್ಖಾನೆಗಳು ಈ ಸಾಧನವನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದವು. ಅಮೆರಿಕದ ಹೆಸರಾಂತ ಸಂಸ್ಥೆಗಳು ಅಲ್ಲಿಯೇ ತಯಾರಿಸಿ ತಮ್ಮ ಹೆಸರಿನಲ್ಲಿ ಮಾರತೊಡಗಿದವು. 2013ರಲ್ಲಿ ಸ್ಥಾಪನೆಯಾದ ಹೊಲೊಸನ್ ಸಂಸ್ಥೆಯು ಸ್ವಂತ ಹೆಸರಿನಲ್ಲಿಯೇ ಬಂದು ಪೈಪೋಟಿಯನ್ನು ಬಿರುಸುಗೊಳಿಸಿತು.

ಇಂದು ಆ ಮಾರುಕಟ್ಟೆಯನ್ನು ಸ್ಥೂಲವಾಗಿ ಮೂರು ಹಂತಗಳಾಗಿ ವಿಂಗಡಿಸಬಹುದು.

ಮೊದಲನೆಯದು 100 ಡಾಲರಿಗಿಂತ ಕೆಳಗಿನ ಹಂತ. ಬುಶ್‌ನೆಲ್ ಸಂಸ್ಥೆಯ ಟಿಆರ್‌ಎಸ್-25 ಈ ವರ್ಗದಲ್ಲಿ ಬಹುಕಾಲದಿಂದ ಹೆಸರು ಮಾಡಿದೆ. 3 ಎಂಒಎ ಗಾತ್ರದ ಚುಕ್ಕೆ, ಹನ್ನೊಂದು ಹಂತಗಳ ಪ್ರಕಾಶ, ಸಿಆರ್ 2032 ಬಟನ್ ಸೆಲ್ ಇದರ ಲಕ್ಷಣಗಳು. ಆದರೆ ಇದೇ ಬೆಲೆಯಲ್ಲಿ ಹೆಸರು ವಿಳಾಸಗಳಿಲ್ಲದ ಹತ್ತಾರು ಸರಕುಗಳೂ, ಆಟಿಕೆ ಬಂದೂಕುಗಳಿಗಾಗಿ ತಯಾರಾದ ಹೆಸರಾಂತ ಮಾದರಿಗಳ ನಕಲುಗಳೂ ದೊರೆಯುತ್ತವೆ.

ಎರಡನೆಯದು 100ರಿಂದ 250 ಡಾಲರಿನವರೆಗಿನ ಮಧ್ಯಮ ಹಂತ. ಸಿಗ್ ಸಾವರ್ ಸಂಸ್ಥೆಯ ರೋಮಿಯೋ5, ಹೊಲೊಸನ್‌ನ 403 ಸರಣಿ, ವೋರ್ಟೆಕ್ಸ್‌ನ ಕ್ರಾಸ್‌ಫೈರ್, ಪ್ರೈಮರಿ ಆರ್ಮ್ಸ್ ಸಂಸ್ಥೆಯ ಸಾಧನಗಳು ಈ ಗುಂಪಿಗೆ ಸೇರುತ್ತವೆ. ಚುಕ್ಕೆಯ ಗಾತ್ರ ಹೆಚ್ಚಾಗಿ 2 ಎಂಒಎ. ಕೆಲವು ಮಾದರಿಗಳಲ್ಲಿ, ರೈಫಲ್ ಅಲುಗಾಡದೆ ಇದ್ದಾಗ ದೀಪ ತಾನಾಗಿ ಆರಿ, ಕೈಗೆತ್ತಿಕೊಂಡೊಡನೆ ಮತ್ತೆ ಬೆಳಗುವ ವ್ಯವಸ್ಥೆಯೂ ಇದೆ.

ಮೂರನೆಯದು 400 ಡಾಲರಿಗಿಂತ ಮೇಲಿನ ಹಂತ. ಏಮ್‌ಪಾಯಿಂಟ್‌ನ ಪ್ರೊ ಮಾದರಿಯಿಂದ ಇದು ಆರಂಭವಾಗುತ್ತದೆ ಎನ್ನಬಹುದು. ನೀರಿನಲ್ಲಿ 45 ಮೀಟರ್ ಆಳದವರೆಗೆ ತಾಳುವ ಕವಚ, 30,000 ಗಂಟೆ ಉರಿಯುವ ದೀಪ ಇದರ ಹೆಗ್ಗಳಿಕೆ.

ಮೂರೂ ಹಂತಗಳ ಸಾಧನಗಳನ್ನು ಅಂಗಡಿಯ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದರೆ ಎಲ್ಲದರಲ್ಲಿಯೂ ಕೆಂಪು ಚುಕ್ಕೆ ಕಾಣುತ್ತದೆ. ವ್ಯತ್ಯಾಸವು ಮೇಜಿನ ಮೇಲೆ ತಿಳಿಯುವುದಿಲ್ಲ. ಗ್ರಾಹಕನು ಮೋಸ ಹೋಗುವುದು ಇಲ್ಲಿಯೇ.

ಕೂದಲೆಳೆಯ ಲೆಕ್ಕ

ಗುರಿದರ್ಶಕದ ಕರ್ತವ್ಯ ಒಂದೇ: ಇಟ್ಟ ಕಡೆ ಅಲುಗದೆ ನಿಲ್ಲುವುದು. ಉಳಿದುದೆಲ್ಲ ಅನುಕೂಲ ಮಾತ್ರ. ಈ ಮಾತಿನ ತೂಕವನ್ನು ಯಂತ್ರಾಗಾರದ ಲೆಕ್ಕದಲ್ಲಿ ನೋಡೋಣ.

ರೈಲನ್ನು ಹಿಡಿಯುವ ಕ್ಲ್ಯಾಂಪಿನ ಉದ್ದ 40 ಮಿ.ಮೀ. ಎಂದು ಇಟ್ಟುಕೊಳ್ಳಿ. ಅದರ ಒಂದು ತುದಿ ಕೇವಲ 0.1 ಮಿ.ಮೀ.ನಷ್ಟು ಸರಿದರೆ ಉಂಟಾಗುವ ಓರೆ 400ಕ್ಕೆ 1ರ ಅನುಪಾತದಲ್ಲಿರುತ್ತದೆ. ಅಂದರೆ 100 ಮೀಟರ್ ದೂರದಲ್ಲಿ 25 ಸೆಂಟಿಮೀಟರ್ ತಪ್ಪು. ನನ್ನ ಭಾವಮೈದುನನ ಗುಂಡುಗಳು ಒಂದು ಗೇಣು ಎಡಕ್ಕೆ ಬಿದ್ದುದರ ರಹಸ್ಯ ಇಷ್ಟೇ.

ಒಳಗಿನ ದೀಪದ ವಿಷಯದಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. ಗಾಜಿನ ಸಂಗಮ ದೂರ 40 ಮಿ.ಮೀ. ಆಗಿದ್ದು, ದೀಪವು ತನ್ನ ಸ್ಥಾನದಿಂದ 0.01 ಮಿ.ಮೀ. ಪಕ್ಕಕ್ಕೆ ಸರಿದರೆ 100 ಮೀಟರಿನಲ್ಲಿ ಚುಕ್ಕೆಯು 2.5 ಸೆಂಟಿಮೀಟರ್ ಸರಿಯುತ್ತದೆ. ದೀಪವನ್ನು ಕೂರಿಸಿದ ಅಂಟು ಬಿಸಿಲಿಗೆ ಮೆದುವಾದರೂ, ಸರಿಹೊಂದಿಸುವ ತಿರುಪಿನ ಹಿಂದಿರುವ ಸ್ಪ್ರಿಂಗ್ ಸೊರಗಿದರೂ ಇಷ್ಟು ಸರಿತ ಸಾಕಷ್ಟು ಸುಲಭವಾಗಿ ಸಂಭವಿಸುತ್ತದೆ. ಬೆಲೆ ಇಳಿಸಬೇಕಾದ ತಯಾರಕನು ಮೊದಲು ಕೈ ಹಾಕುವುದು ಇಂತಹ ಕಾಣದ ಭಾಗಗಳಿಗೆ: ಸ್ಪ್ರಿಂಗ್, ಅಂಟು, ತಿರುಪಿನ ಎಳೆ, ರಬ್ಬರ್ ಉಂಗುರ, ಹಾಗೂ ಎಲ್ಲಕ್ಕಿಂತ ಮಿಗಿಲಾಗಿ ತಪಾಸಣೆಗೆ ತಗಲುವ ಸಮಯ. ಹೊರಮೈಯ ಕಪ್ಪು ಲೇಪನವನ್ನು ಆತ ಎಂದೂ ಕಡಿಮೆ ಮಾಡುವುದಿಲ್ಲ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ.

ವಿವರಪಟ್ಟಿಯನ್ನು ಓದುವ ಬಗೆ

1. ಚುಕ್ಕೆಯ ಗಾತ್ರ: ಇದನ್ನು ಎಂಒಎ ಎಂಬ ಕೋನಮಾನದಲ್ಲಿ ಹೇಳುತ್ತಾರೆ. 1 ಎಂಒಎ ಎಂದರೆ 100 ಮೀಟರಿನಲ್ಲಿ ಸುಮಾರು 2.9 ಸೆಂಟಿಮೀಟರ್. ಅಂತೆಯೇ 2 ಎಂಒಎ ಚುಕ್ಕೆಯು ಆ ದೂರದಲ್ಲಿ 5.8 ಸೆಂ.ಮೀ., 6 ಎಂಒಎ ಚುಕ್ಕೆಯು 17 ಸೆಂ.ಮೀ.ಗೂ ಹೆಚ್ಚು ಜಾಗವನ್ನು ಮುಚ್ಚುತ್ತದೆ. ದೊಡ್ಡ ಚುಕ್ಕೆ ಬೇಗ ಕಣ್ಣಿಗೆ ಬೀಳುತ್ತದೆ. ಚಿಕ್ಕದು ನಿಖರತೆಗೆ ಅನುಕೂಲ. ರೈಫಲ್‌ಗೆ 2ರಿಂದ 3 ಎಂಒಎ ಸೂಕ್ತ.

2. ಬ್ಯಾಟರಿಯ ಬಾಳಿಕೆ: 50,000 ಗಂಟೆ ಎಂಬ ಘೋಷಣೆಯನ್ನು ಹಲವು ಪೆಟ್ಟಿಗೆಗಳ ಮೇಲೆ ಕಾಣಬಹುದು. ಇದು ಐದೂವರೆ ವರ್ಷಗಳಿಗೂ ಹೆಚ್ಚು. ಸಿಆರ್ 2032 ಸೆಲ್ಲಿನ ಸಾಮರ್ಥ್ಯ ಸುಮಾರು 220 ಮಿಲಿಆಂಪಿಯರ್-ಗಂಟೆ. ಭಾಗಿಸಿ ನೋಡಿದರೆ ಸಾಧನವು ಕೇವಲ 4.4 ಮೈಕ್ರೊಆಂಪಿಯರ್ ವಿದ್ಯುತ್ತಿನಲ್ಲಿ ಉರಿಯಬೇಕೆಂದು ತಿಳಿಯುತ್ತದೆ. ಒಳ್ಳೆಯ ಮಂಡಲದಲ್ಲಿ ಇದು ಸಾಧ್ಯ, ಆದರೆ ಪ್ರಕಾಶದ ಯಾವುದೋ ಒಂದು ನಡುವಣ ಹಂತದಲ್ಲಿ ಮಾತ್ರ. ಯಾವ ಹಂತದಲ್ಲಿ ಎಂಬುದನ್ನು ತಯಾರಕನು ಹೇಳಿಲ್ಲವಾದರೆ ಆ ಅಂಕಿಗೆ ಬೆಲೆಯಿಲ್ಲ. ಬಿರುಬಿಸಿಲಿನಲ್ಲಿ ಬಳಸುವವರು ಹೆಚ್ಚು ಪ್ರಕಾಶವನ್ನು ಇಡಬೇಕಾಗುತ್ತದೆ, ಆಗ ಬಾಳಿಕೆ ಬಹಳಷ್ಟು ಇಳಿಯುತ್ತದೆ.

3. ನೀರು ಮತ್ತು ಮಂಜು: ಬರೀ 'ವಾಟರ್‌ಪ್ರೂಫ್' ಎಂಬ ಪದ ಸಾಲದು. ಐಪಿಎಕ್ಸ್7 ಎಂಬ ಗುರುತು ಇದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ ಮೂವತ್ತು ನಿಮಿಷ ಇಟ್ಟು ಪರೀಕ್ಷಿಸುವ ಅಂತರರಾಷ್ಟ್ರೀಯ ಮಾನಕಕ್ಕೆ ಒಳಪಟ್ಟಿದೆ ಎಂದರ್ಥ. ಗಾಜಿನ ಒಳಮೈ ಮಂಜಾಗದಿರಲು ಒಳಗಿನ ಗಾಳಿಯನ್ನು ತೆಗೆದು ನೈಟ್ರೋಜನ್ ತುಂಬಿರಬೇಕು. ಹವಾನಿಯಂತ್ರಿತ ಕಾರಿನಿಂದ ಹೊರಗಿನ ಸೆಕೆಗೆ ತಂದ ಕನ್ನಡಕ ಮಂಜಾಗುವುದನ್ನು ಕಂಡವರಿಗೆ ಇದರ ಅಗತ್ಯವನ್ನು ವಿವರಿಸಬೇಕಾಗಿಲ್ಲ.

4. ಲೋಹ ಮತ್ತು ಕ್ಲ್ಯಾಂಪ್: ಕವಚವು 6061-ಟಿ6 ಅಥವಾ ಅದಕ್ಕಿಂತ ಗಟ್ಟಿಯಾದ 7075-ಟಿ6 ಅಲ್ಯೂಮಿನಿಯಂ ಮಿಶ್ರಲೋಹದ್ದಾಗಿರಬೇಕು. ರೈಲಿಗೆ ಪಿಕಟಿನಿ ಎಂಬ ಹೆಸರಿನ 1995ರ ಸೇನಾ ಮಾನಕವಿದೆ. ಅದರಂತೆ ಗಾಡಿಯ ಅಗಲ 5.23 ಮಿ.ಮೀ., ಗಾಡಿಯಿಂದ ಗಾಡಿಗೆ ಅಂತರ 10.01 ಮಿ.ಮೀ. ಕ್ಲ್ಯಾಂಪಿನ ಅಡ್ಡಪಟ್ಟಿ ಇದಕ್ಕೆ ಬಿಗಿಯಾಗಿ ಹೊಂದಬೇಕು. ಬಳಕೆದಾರರ ಬಳಿ ವರ್ನಿಯರ್ ಕ್ಯಾಲಿಪರ್ ಇದ್ದರೆ ಐದು ನಿಮಿಷದಲ್ಲಿ ಅಳೆದು ನೋಡಬಹುದು.

5. ಪ್ಯಾರಲಾಕ್ಸ್: ತಲೆಯನ್ನು ಅತ್ತಿತ್ತ ಸರಿಸಿದಾಗ ಚುಕ್ಕೆಯೂ ಗುರಿಯ ಮೇಲೆ ಸರಿಯುವುದನ್ನು ಪ್ಯಾರಲಾಕ್ಸ್ ದೋಷ ಎನ್ನುತ್ತಾರೆ. 'ಈ ದೋಷವೇ ಇಲ್ಲ' ಎಂದು ಜಾಹೀರಾತುಗಳು ಹೇಳಿದರೂ ಎಲ್ಲ ದೂರಗಳಲ್ಲಿಯೂ ಇದರಿಂದ ಪೂರ್ತಿ ಮುಕ್ತವಾದ ರೆಡ್ ಡಾಟ್ ಇಲ್ಲ. ಒಳ್ಳೆಯದರಲ್ಲಿ ಕಡಿಮೆ, ಕೆಟ್ಟದ್ದರಲ್ಲಿ ಹೆಚ್ಚು. ಚುಕ್ಕೆಯನ್ನು ಗಾಜಿನ ನಡುವೆ ಇಟ್ಟುಕೊಳ್ಳುವುದು ಎಲ್ಲಕ್ಕೂ ಸುಲಭ ಪರಿಹಾರ.

6. ಯಾವ ರೈಫಲ್‌ಗೆ?: .22 ರೈಫಲ್‌ನ ಒದೆತ ಅತ್ಯಲ್ಪ. ಅದರ ಮೇಲೆ ವರ್ಷಗಟ್ಟಲೆ ಬಾಳಿದ ಅಗ್ಗದ ಸಾಧನವು .308ರ ಒದೆತಕ್ಕೆ ಒಂದೇ ದಿನದಲ್ಲಿ ಕೈಕೊಡಬಹುದು. ಆದುದರಿಂದ ಒಬ್ಬರ ಮೆಚ್ಚುಗೆಯ ಮಾತನ್ನು ಕೇಳುವಾಗ ಅವರು ಯಾವ ರೈಫಲ್ ಮೇಲೆ ಬಳಸಿದ್ದಾರೆಂದು ವಿಚಾರಿಸುವುದು ಅಗತ್ಯ.

ಮೊದಲು ಕಣ್ಣಿನ ಪರೀಕ್ಷೆ

ಹಲವರು ಚುಕ್ಕೆಯು ಗುಂಡಗೆ ಕಾಣದೆ ನಕ್ಷತ್ರದಂತೆ ಅಥವಾ ಚದುರಿದ ದ್ರಾಕ್ಷಿಗೊಂಚಲಿನಂತೆ ಕಾಣುತ್ತದೆಂದು ದೂರಿ ಸರಕನ್ನು ಹಿಂದಿರುಗಿಸುತ್ತಾರೆ. ಅನೇಕ ವೇಳೆ ದೋಷವಿರುವುದು ಗುರಿದರ್ಶಕದಲ್ಲಲ್ಲ, ಕಣ್ಣಿನಲ್ಲಿ. ಆಸ್ಟಿಗ್ಮಾಟಿಸಂ ಇರುವವರಿಗೆ ಚುಕ್ಕೆ ಹೀಗೆ ಹರಡಿ ಕಾಣುತ್ತದೆ. ಮೊಬೈಲ್ ಫೋನಿನ ಕ್ಯಾಮೆರಾವನ್ನು ಗಾಜಿನ ಹಿಂದೆ ಹಿಡಿದು ಚುಕ್ಕೆಯ ಚಿತ್ರ ತೆಗೆದು ನೋಡಿ. ಚಿತ್ರದಲ್ಲಿ ಗುಂಡಗಿದ್ದರೆ ವೈದ್ಯರಲ್ಲಿಗೆ ಹೋಗಿ ಸರಿಯಾದ ಕನ್ನಡಕ ಮಾಡಿಸಿಕೊಳ್ಳಬೇಕು. ಅಂತಹವರಿಗೆ ಗಾಜಿನಲ್ಲಿಯೇ ಗುರುತನ್ನು ಕೆತ್ತಿರುವ ಪ್ರಿಸಂ ಮಾದರಿಯ ಗುರಿದರ್ಶಕವೂ ಒಳ್ಳೆಯ ಪರ್ಯಾಯ. ವರ್ತಕನು ಈ ಒಂದು ಸಂಗತಿಯನ್ನು ಮಾರಾಟಕ್ಕೆ ಮೊದಲೇ ತಿಳಿಸಿದರೆ ಹಿಂದಿರುಗುವ ಸರಕಿನ ತಲೆನೋವು ಎಷ್ಟೋ ಕಡಿಮೆಯಾದೀತು.

ಕೊಂಡ ಮೇಲೆ, ನಂಬುವ ಮುನ್ನ

ಹೊಸ ಗುರಿದರ್ಶಕವನ್ನು ಪರೀಕ್ಷಿಸದೆ ನಂಬಬಾರದು. ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಈ ಕೆಳಗಿನ ಕ್ರಮಗಳನ್ನು ಪೂರೈಸುವುದು ಜಾಣತನ.

ಮೊದಲಿಗೆ, ತಯಾರಕನು ಹೇಳಿದಷ್ಟೇ ಬಲದಿಂದ ತಿರುಪನ್ನು ಬಿಗಿದು, ತಿರುಪಿನ ತಲೆಯಿಂದ ಕ್ಲ್ಯಾಂಪಿನವರೆಗೆ ಬಣ್ಣದ ಒಂದು ಸಣ್ಣ ಗೆರೆ ಎಳೆಯಬೇಕು. ತಿರುಪು ಸಡಿಲಗೊಂಡರೆ ಗೆರೆ ಮುರಿದು ತೋರಿಸುತ್ತದೆ. ಎರಡನೆಯದಾಗಿ, ಗುಂಡು ತುಂಬಿಲ್ಲವೆಂಬುದನ್ನು ಎರಡು ಬಾರಿ ಖಚಿತಪಡಿಸಿಕೊಂಡು, ರೈಫಲ್ ಅನ್ನು ಮರಳಿನ ಚೀಲಗಳ ಮೇಲೆ ಅಲುಗದಂತೆ ಇರಿಸಿ, ಚುಕ್ಕೆಯನ್ನು 50 ಮೀಟರ್ ದೂರದ ಗುರುತಿನ ಮೇಲೆ ನಿಲ್ಲಿಸಿ ತಲೆಯನ್ನು ಸರಿಸುತ್ತಾ ಪ್ಯಾರಲಾಕ್ಸ್ ಎಷ್ಟಿದೆಯೆಂದು ನೋಡಬೇಕು. ಮೂರನೆಯದಾಗಿ, ಮೈದಾನದಲ್ಲಿ ಐದು ಗುಂಡುಗಳ ಗುಂಪನ್ನು ಹೊಡೆದು, ಸರಿಹೊಂದಿಸುವ ತಿರುಪನ್ನು ಬಲಕ್ಕೆ ಹತ್ತು, ಮೇಲಕ್ಕೆ ಹತ್ತು, ಎಡಕ್ಕೆ ಹತ್ತು, ಕೆಳಕ್ಕೆ ಹತ್ತು ಕ್ಲಿಕ್ ತಿರುಗಿಸಿ ಮತ್ತೆ ಐದು ಹೊಡೆಯಬೇಕು. ಎರಡನೆಯ ಗುಂಪು ಮೊದಲಿನ ಜಾಗದಲ್ಲಿಯೇ ಬೀಳಬೇಕು. ನಾಲ್ಕನೆಯದಾಗಿ, ಸಾಧನವನ್ನು ಕಳಚಿ ಅದೇ ಗಾಡಿಯಲ್ಲಿ ಮತ್ತೆ ಕೂರಿಸಿ ನೋಡಬೇಕು. ಐದನೆಯದಾಗಿ, ಒಂದು ವಾರ ಬಿಟ್ಟು ಪುನಃ ಪರೀಕ್ಷಿಸಬೇಕು.

ಇನ್ನೊಂದು ಮಾತು. ಎಆರ್-15 ಮಾದರಿಯಲ್ಲಿ ಗುರಿದರ್ಶಕವು ನಳಿಗೆಯ ನಡುವಿನಿಂದ ಸುಮಾರು ಆರೂವರೆ ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಹೀಗಾಗಿ ತೀರ ಹತ್ತಿರದ ಗುರಿಗೆ ಹೊಡೆದಾಗ ಗುಂಡು ಚುಕ್ಕೆಗಿಂತ ಕೆಳಗೆ ಬೀಳುತ್ತದೆ. ಇದು ಸಾಧನದ ದೋಷವಲ್ಲ, ರೇಖಾಗಣಿತದ ನಿಯಮ. ಇದನ್ನು ಅರಿಯದೆ ಸರಕನ್ನು ದೂಷಿಸಬಾರದು.

ದುಬಾರಿ ಬೆಲೆಯೂ ಪ್ರಮಾಣಪತ್ರವಲ್ಲ

ಹಾಗಾದರೆ ಹೆಚ್ಚು ಹಣ ತೆತ್ತರೆ ನಿಶ್ಚಿಂತೆಯೇ? ಅದೂ ಇಲ್ಲ. ಹೊಲೊಗ್ರಾಫಿಕ್ ಎಂಬ ಬೇರೊಂದು ತಂತ್ರದ, ಬೆಲೆಯಲ್ಲಿ ಮೇಲಿನ ಹಂತದ ಗುರಿದರ್ಶಕಗಳನ್ನು ಅಮೆರಿಕದ ಸರ್ಕಾರಕ್ಕೆ ಪೂರೈಸುತ್ತಿದ್ದ ಈಒಟೆಕ್ ಸಂಸ್ಥೆಯ ಪ್ರಕರಣ ಇದಕ್ಕೆ ನಿದರ್ಶನ. ತೀವ್ರ ಚಳಿ ಹಾಗೂ ತೇವದ ವಾತಾವರಣದಲ್ಲಿ ಈ ಸಾಧನಗಳ ಗುರಿ ಸರಿಯುತ್ತಿತ್ತು, ಈ ದೋಷವನ್ನು ತಿಳಿದೂ ಸಕಾಲದಲ್ಲಿ ತಿಳಿಸಲಿಲ್ಲ ಎಂಬುದು ಸರ್ಕಾರದ ಆರೋಪವಾಗಿತ್ತು. ಆಗ ಅದರ ಒಡೆತನ ಹೊಂದಿದ್ದ ಎಲ್-3 ಸಂಸ್ಥೆಯು 2015ರ ನವೆಂಬರಿನಲ್ಲಿ 2 ಕೋಟಿ 56 ಲಕ್ಷ ಡಾಲರ್ ತೆತ್ತು ರಾಜಿ ಮಾಡಿಕೊಂಡಿತು. ಉತ್ಪಾದಕರು ಈ ಪ್ರಕರಣದಿಂದ ಕಲಿಯಬೇಕಾದುದು ಸ್ಪಷ್ಟವಾಗಿದೆ. ದೋಷ ಯಾರ ಸರಕಿನಲ್ಲಿಯೂ ಬರಬಹುದು. ಅದನ್ನು ಹೇಳದೆ ಮುಚ್ಚಿಟ್ಟದ್ದೇ ಹೆಚ್ಚು ದುಬಾರಿಯಾಗುತ್ತದೆ.

ಆದುದರಿಂದಲೇ ಬೆಲೆಗಿಂತ ಖಾತರಿಯನ್ನು ಮೊದಲು ಓದಬೇಕು. ವೋರ್ಟೆಕ್ಸ್ ಸಂಸ್ಥೆಯು ಖರೀದಿ ರಸೀದಿಯನ್ನೂ ಕೇಳದೆ, ಮಾಲೀಕ ಬದಲಾದರೂ ಸಲ್ಲುವ ಜೀವಾವಧಿ ಖಾತರಿಯನ್ನು ನೀಡಿ ಮಾರುಕಟ್ಟೆಯಲ್ಲಿ ವಿಶ್ವಾಸ ಗಳಿಸಿತು. ಹಾಳಾದ ಸರಕನ್ನು ತಾನೇ ಹೊತ್ತುಕೊಳ್ಳುವೆನೆಂದು ಬರೆದುಕೊಡುವ ತಯಾರಕನು ಕಾರ್ಖಾನೆಯಲ್ಲಿ ತಪಾಸಣೆಯನ್ನು ಸುಮ್ಮನೆ ಬಿಡಲಾರ. ಬಿಟ್ಟರೆ ನಷ್ಟ ಅವನದೇ. ಖಾತರಿಪತ್ರವೆಂದರೆ ತಯಾರಕನು ತನ್ನ ಸರಕನ್ನು ತಾನೇ ಎಷ್ಟು ನಂಬುತ್ತಾನೆಂಬುದರ ಲಿಖಿತ ಹೇಳಿಕೆ. ಹೆಸರಿಲ್ಲದ 40 ಡಾಲರಿನ ಸರಕಿನ ಜೊತೆಗೆ ಬಾರದೆ ಇರುವುದು ಮುಖ್ಯವಾಗಿ ಇದೇ.

ನಮ್ಮ ಸದಸ್ಯರು ಗಮನಿಸಬೇಕಾದ ಅಂಶಗಳು

ನಮ್ಮ ದೇಶದಲ್ಲಿ ಈ ವ್ಯವಹಾರಕ್ಕೆ ಕೈ ಹಾಕುವ ಮುನ್ನ ಕಾನೂನಿನ ಚೌಕಟ್ಟನ್ನು ತಿಳಿಯಬೇಕು. ಇಲ್ಲಿ ರೈಫಲ್ ಹೊಂದಲು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಅಗತ್ಯ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ, ಅಂದರೆ 2029ರವರೆಗೆ, ವಿಸ್ತರಿಸಿದೆ. ಕೈಲ್‌ಪೊಳ್ದ್ ಹಬ್ಬದ ಸಮಯದಲ್ಲಿ ಅಲ್ಲಿ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ಪ್ರಸಿದ್ಧ. ಆದರೆ ಯಾವುದೇ ಸ್ಪರ್ಧೆಗಾಗಿ ಗುರಿದರ್ಶಕ ಕೊಳ್ಳುವವರು ಅಲ್ಲಿ ಅದಕ್ಕೆ ಅನುಮತಿ ಇದೆಯೇ ಎಂದು ಆಯೋಜಕರನ್ನು ಮೊದಲೇ ಕೇಳಬೇಕು. ಒಲಿಂಪಿಕ್ ಮಾದರಿಯ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ರಂಧ್ರದ ಗುರಿಮೊನೆಯನ್ನೇ ಬಳಸಲಾಗುತ್ತದೆ. ಅದಕ್ಕೆ ಸಿದ್ಧರಾಗುತ್ತಿರುವ ವಿದ್ಯಾರ್ಥಿಗೆ ರೆಡ್ ಡಾಟ್ ಮಾರಿದ ಕ್ರೀಡಾ ಸಾಮಗ್ರಿ ವರ್ತಕನು ಒಬ್ಬ ಗ್ರಾಹಕನನ್ನು ಶಾಶ್ವತವಾಗಿ ಕಳೆದುಕೊಂಡಂತೆಯೇ.

2016ರ ಶಸ್ತ್ರಾಸ್ತ್ರ ನಿಯಮಗಳಂತೆ 20 ಜೌಲ್‌ಗಿಂತ ಹೆಚ್ಚು ಶಕ್ತಿಯ ಅಥವಾ .177 ಅಂಗುಲಕ್ಕಿಂತ ದೊಡ್ಡ ನಳಿಗೆಯ ಗಾಳಿ ಬಂದೂಕಿಗೆ ಪರವಾನಗಿ ಬೇಕು. ಈ ಮಿತಿಯೊಳಗಿನ ಸ್ಪ್ರಿಂಗ್ ಏರ್ ರೈಫಲ್‌ಗಳನ್ನು ಮಾರುವವರು ಒಂದು ವಿಶೇಷವನ್ನು ಅರಿತಿರಬೇಕು. ಒಳಗಿನ ಭಾರವಾದ ಪಿಸ್ಟನ್ ಮುಂದಕ್ಕೆ ನುಗ್ಗಿ ಹಠಾತ್ತಾಗಿ ನಿಲ್ಲುವುದರಿಂದ ಈ ರೈಫಲ್ ಮೊದಲು ಹಿಂದಕ್ಕೆ, ಕೂಡಲೇ ಮುಂದಕ್ಕೆ ಜಗ್ಗುತ್ತದೆ. ಹಿಂದಿನ ಒದೆತವನ್ನು ಮಾತ್ರ ಲೆಕ್ಕವಿಟ್ಟು ತಯಾರಿಸಿದ ಗುರಿದರ್ಶಕವು ಈ ಎರಡು ಬಗೆಯ ಜಗ್ಗಾಟಕ್ಕೆ ಬೇಗ ಹಾಳಾಗುತ್ತದೆ. ಸ್ಪ್ರಿಂಗ್ ಏರ್ ರೈಫಲ್‌ಗೆ ಯೋಗ್ಯವೆಂದು ತಯಾರಕನು ಲಿಖಿತವಾಗಿ ಹೇಳಿದ ಸರಕನ್ನೇ ಇಟ್ಟುಕೊಳ್ಳಿ.

ಆಮದು ಮಾಡುವವರು ಸುಂಕ ವರ್ಗೀಕರಣದ 9013ನೆಯ ಶೀರ್ಷಿಕೆಯನ್ನೂ ಆ ದಿನದ ಆಮದು ನೀತಿಯನ್ನೂ ತಮ್ಮ ಕಸ್ಟಮ್ಸ್ ಏಜೆಂಟರಿಂದ ಖಚಿತಪಡಿಸಿಕೊಂಡ ನಂತರವೇ ಮುಂಗಡ ಹಣ ಕಳುಹಿಸಬೇಕು. ಅಮೆರಿಕದಿಂದ ಬರುವ ಬಂಧುಗಳ ಪೆಟ್ಟಿಗೆಯಲ್ಲಿ ತರಿಸುವ ಆಲೋಚನೆ ಬೇಡ. ಬಂದೂಕಿನ ಗುರಿದರ್ಶಕಗಳನ್ನು ಆ ದೇಶವು 2020ರ ಮಾರ್ಚಿಯಿಂದ 0ಎ504 ಎಂಬ ಸಂಖ್ಯೆಯಡಿ ತನ್ನ ರಫ್ತು ನಿಯಂತ್ರಣ ಪಟ್ಟಿಯಲ್ಲಿ ಇರಿಸಿದೆ. ನಮ್ಮಿಂದ ರಫ್ತು ಮಾಡಬಯಸುವ ಉತ್ಪಾದಕರೂ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಸ್ಕೊಮೆಟ್ ಪಟ್ಟಿಯನ್ನು ಪರಿಶೀಲಿಸಬೇಕು. ನೂರು ಸರಕಿನ ಆರ್ಡರ್ ಕೊಡುವ ಮೊದಲು ಐದನ್ನು ತರಿಸಿ, ಮೇಲೆ ಹೇಳಿದ ಪರೀಕ್ಷೆಗಳಿಗೆ ಒಡ್ಡಿ, ಎಷ್ಟು ಉಳಿಯುತ್ತವೆಂದು ನೋಡುವುದು ಹಣಕ್ಕೂ ಹೆಸರಿಗೂ ಕ್ಷೇಮ.

ಸಣ್ಣ ಕೈಗಾರಿಕೋದ್ಯಮಿಗಳಿಗೆ ಇಲ್ಲೊಂದು ಭರವಸೆಯ ಸಂಗತಿಯೂ ಇದೆ. ಸ್ಪ್ರಿಂಗ್ ತಯಾರಿಕೆಯಲ್ಲಿ ಹೆಸರಾದ ಸ್ಟಂಪ್ ಶುಲೆ ಅಂಡ್ ಸೋಮಪ್ಪ ಸಮೂಹದಿಂದ ಬಂದ ಎಸ್‌ಎಸ್‌ಎಸ್ ಡಿಫೆನ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ರೈಫಲ್‌ಗಳನ್ನು ತಯಾರಿಸುತ್ತಿದೆ. ಸರ್ಕಾರಿ ವಲಯದಲ್ಲಿ ಡೆಹ್ರಾಡೂನಿನ ಇಂಡಿಯಾ ಆಪ್ಟೆಲ್ ಸಂಸ್ಥೆಯು 2021ರಿಂದ ಸ್ವತಂತ್ರ ಕಂಪನಿಯಾಗಿ ದೃಗುಪಕರಣಗಳನ್ನು ತಯಾರಿಸುತ್ತಿದೆ. ಕ್ಲ್ಯಾಂಪ್, ಸ್ಪ್ರಿಂಗ್, ಸೂಕ್ಷ್ಮ ತಿರುಪುಗಳಂತಹ ಭಾಗಗಳನ್ನು ನಿಖರವಾಗಿ ಕಡೆಯಬಲ್ಲ ಯಂತ್ರಾಗಾರಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಪರವಾನಗಿ ಪಡೆದ ಇಂತಹ ಸಂಸ್ಥೆಗಳಿಗೆ ಭಾಗಗಳನ್ನು ಪೂರೈಸುವ ಅವಕಾಶವನ್ನು ಹುಡುಕುವವರು, ತಮ್ಮ ದರಪಟ್ಟಿಗಿಂತ ಮೊದಲು ತಪಾಸಣಾ ವರದಿಯನ್ನು ಸಿದ್ಧಪಡಿಸಿಕೊಳ್ಳುವುದು ಲೇಸು. 0.1 ಮಿ.ಮೀ. ಎಂದರೆ 25 ಸೆಂಟಿಮೀಟರ್ ಎಂಬ ಲೆಕ್ಕ ಅಲ್ಲಿ ಎಲ್ಲರಿಗೂ ಬಾಯಿಪಾಠ.

ಕೊನೆಯ ಮಾತು

ನನ್ನ ಭಾವಮೈದುನ ಆ ಹಳೆಯ ಸಾಧನವನ್ನು ಮೂಲೆಗೆ ಹಾಕಿ ಊರಿನ ಅಂಗಡಿಗೆ ಹೋದ. ಜೊತೆಗೆ ನಾನೂ ಹೋಗಿದ್ದೆ. ಅಂಗಡಿಯ ಹಿರಿಯರು ಯಾವ ಮಾದರಿಯನ್ನೂ ಹೊಗಳದೆ ಮೂರು ಪ್ರಶ್ನೆ ಕೇಳಿದರು: ಯಾವ ರೈಫಲ್? ಎಷ್ಟು ದೂರ? ಕನ್ನಡಕ ಉಂಟೇ? ಉತ್ತರಗಳನ್ನು ಕೇಳಿ ಮಧ್ಯಮ ಹಂತದ ಒಂದನ್ನು ಕೊಟ್ಟು, ಕೆಟ್ಟರೆ ತಯಾರಕರಿಗೆ ಬರೆಯಬೇಡಿ, ನನ್ನ ಬಳಿಗೇ ತನ್ನಿ ಎಂದರು. ಬೆಲೆ 150 ಡಾಲರಿನ ಆಸುಪಾಸು. ಹಳೆಯದಕ್ಕೆ ಗುಂಡಿನ ಖರ್ಚು ಸೇರಿ ಆತ ಕಳೆದುಕೊಂಡದ್ದು ಅದಕ್ಕಿಂತ ಹೆಚ್ಚು. ನಾನು ಹೊರಡುವ ತನಕದ ಮೂರು ಭಾನುವಾರಗಳಲ್ಲಿ ಗುಂಡುಗಳು ಅಂಗೈಯಗಲದ ಜಾಗವನ್ನು ಬಿಟ್ಟು ಕದಲಲಿಲ್ಲ.

ಅಗ್ಗ ಬೇಡವೆಂದು ಈ ಲೇಖನ ಹೇಳುತ್ತಿಲ್ಲ. ಕಡಿಮೆ ಬೆಲೆಯಲ್ಲಿ ಒಳ್ಳೆಯ ಸರಕನ್ನು ಕೊಡುವುದೇ ಸಣ್ಣ ಉದ್ಯಮದ ಶಕ್ತಿ. ಆದರೆ ಬೆಲೆಯನ್ನು ಎಲ್ಲಿ ಇಳಿಸಬೇಕು, ಎಲ್ಲಿ ಇಳಿಸಲೇಬಾರದು ಎಂಬ ವಿವೇಕ ತಯಾರಕನಿಗಿರಬೇಕು. ಆ ವಿವೇಕವಿರುವ ತಯಾರಕನನ್ನು ಗುರುತಿಸುವ ಕಣ್ಣು ವರ್ತಕನಿಗಿರಬೇಕು. ಗುರಿದರ್ಶಕವಾಗಲಿ, ನಾವು ಪ್ರತಿದಿನ ಮಾರುವ ಬೇರಾವುದೇ ಸರಕಾಗಲಿ, ಗ್ರಾಹಕನು ಕೊಳ್ಳುವುದು ಅದು ಇಟ್ಟ ಕಡೆ ನಿಲ್ಲುತ್ತದೆಂಬ ನಂಬಿಕೆಯನ್ನು. ಆ ನಂಬಿಕೆ ಒಮ್ಮೆ ಸರಿದರೆ ಮತ್ತೆ ಸರಿಹೊಂದಿಸಲು ಯಾವ ತಿರುಪೂ ಇಲ್ಲ.